ನೀರು ಉಳಿಯಿತು, ಕೊಳವೆ ಉಳಿಯುವುದೇ?

ಚಾಲ್ತಿಯಲ್ಲಿದ್ದ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಪ್ರತಿ ಮೆಗಾವಾಟ್ ಗಂಟೆಗೆ 3.5 ಘನ ಮೀಟರ್‌ಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರ್‌ನಲ್ಲಿ ಮಿತಿ ವಿಧಿಸಿತು. ಮರುತಿಂಗಳು ಪ್ರಕಟವಾದ ವಿದ್ಯುತ್ ದರ ನೀತಿಯು, 50 ಕಿ.ಮೀ. ಒಳಗೆ ಕೊಳಚೆ ನೀರು ಶುದ್ಧೀಕರಣ ಘಟಕವಿದ್ದರೆ ಅಲ್ಲಿನ ನೀರನ್ನೇ ಬಳಸುವುದನ್ನು ಕಡ್ಡಾಯಗೊಳಿಸಿತು. 2019ರ ಬೇಸಿಗೆಯಲ್ಲಿ ನೀರಿಲ್ಲದೆ ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರವೇ ಕೆಲವು ಘಟಕಗಳನ್ನು ಸ್ಥಗಿತಗೊಳಿಸಬೇಕಾಗಿ ಬಂದುದನ್ನು ನೆನೆದರೆ, ಈ ಕ್ರಮಗಳ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ಉಳಿತಾಯದ ಹೊರೆ ಬೀಳುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಕೊಳವೆಯ ಮೇಲೆ. ಟರ್ಬೈನ್‌ನಿಂದ ಹೊರಬಂದ ಹಬೆಯನ್ನು ತಣಿಸುವ ಕಂಡೆನ್ಸರ್‌ನಲ್ಲಿ ಇಂತಹ ಸಾವಿರಾರು ಕೊಳವೆಗಳಿರುತ್ತವೆ. ಕೂಲಿಂಗ್ ಟವರ್‌ನಲ್ಲಿ ಆವಿಯಾಗುವುದು ನೀರು ಮಾತ್ರ. ಲವಣ ಹಿಂದೆಯೇ ಉಳಿಯುತ್ತದೆ. ಲೀಟರ್‌ಗೆ 50 ಮಿಲಿಗ್ರಾಂ ಕ್ಲೋರೈಡ್ ಇರುವ ನೀರನ್ನು ಐದು ಪಟ್ಟು ಸಾಂದ್ರವಾಗುವವರೆಗೆ ತಿರುಗಿಸಿದರೆ ಅದು 250 ಮಿಲಿಗ್ರಾಂ ಆಗುತ್ತದೆ. ಸಾಧಾರಣ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ, ಅದರಲ್ಲಿಯೂ ಕೆಸರು, ಪಾಚಿ ಕೂತ ಜಾಗದ ಅಡಿಯಲ್ಲಿ, ಸೂಜಿಮೊನೆಯಂತಹ ರಂಧ್ರಗಳು ಬೀಳುವುದು ಹೀಗೆಯೇ. ಕೊಳಚೆ ನೀರಿನದು ಇನ್ನೊಂದು ಬಗೆಯ ಕಾಟ. ಪೂರ್ಣ ಶುದ್ಧೀಕರಣವಾಗದೆ ಉಳಿದ ಅಮೋನಿಯಾ, ಹಳೆಯ ಸ್ಥಾವರಗಳ ಹಿತ್ತಾಳೆ ಕೊಳವೆಗಳನ್ನು ಸೀಳಿಬಿಡುತ್ತದೆ. ಕೊಳವೆ ಮೇಲ್ನೋಟಕ್ಕೆ ಸವೆದಂತೆ ಕಾಣದಿದ್ದರೂ ಒತ್ತಡವಿರುವ ಕಡೆ ಬಿರುಕು ಬಿಟ್ಟಿರುತ್ತದೆ.

ಒಂದು ಕೊಳವೆ ತೂತಾದರೆ ಏನಾದೀತು ಎನ್ನುವಂತಿಲ್ಲ. ಕಂಡೆನ್ಸರ್‌ನ ಹಬೆಯ ಭಾಗದಲ್ಲಿ ನಿರ್ವಾತವಿರುವುದರಿಂದ ಹಬೆ ಹೊರಗೆ ಸೋರುವುದಿಲ್ಲ. ತಣಿಸುವ ನೀರೇ ಒಳನುಗ್ಗುತ್ತದೆ. ಅದರೊಡನೆ ಬಂದ ಲವಣ ಬಾಯ್ಲರ್‌ ಸೇರಿ ಅಲ್ಲಿನ ಕೊಳವೆಗಳನ್ನೂ ಕೊರೆಯತೊಡಗುತ್ತದೆ. ಸೋರುವ ಕೊಳವೆಯ ಎರಡೂ ತುದಿಗೆ ಬಿರಡೆ ಜಡಿಯುವುದು ರೂಢಿಯಲ್ಲಿರುವ ಉಪಾಯ. ಬಿರಡೆಗಳು ಹೆಚ್ಚಿದಂತೆ ತಣಿಸುವ ಶಕ್ತಿ ಕುಂದಿ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ. ಈ ನಷ್ಟ ನೀರಿನ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಪರಿಹಾರಗಳು ಅಪರಿಚಿತವೇನಲ್ಲ. ಕಡಲತೀರದ ಅನೇಕ ಸ್ಥಾವರಗಳು ಟೈಟೇನಿಯಂ ಕೊಳವೆ ಬಳಸುತ್ತವೆ. ಎಡ್ಡಿ ಕರೆಂಟ್ ಪರೀಕ್ಷೆಯಿಂದ ಕೊಳವೆಯ ಸವೆತವನ್ನು ಸೋರಿಕೆಗೆ ಮುನ್ನವೇ ಗುರುತಿಸಬಹುದು. ಪ್ರಶ್ನೆ ಇರುವುದು ಹಣದ್ದು. ಶುದ್ಧೀಕರಿಸಿದ ನೀರಿನ ಬಳಕೆಗೆ ತಗಲುವ ವೆಚ್ಚವನ್ನು ದರದಲ್ಲಿ ಸೇರಿಸಲು 2016ರ ನೀತಿಯೇ ಅವಕಾಶ ನೀಡಿದೆ. ಅದನ್ನು ಪೈಪ್‌ಲೈನ್, ಪಂಪ್‌ಗಳಿಗಷ್ಟೇ ಸೀಮಿತಗೊಳಿಸದೆ, ಅಮೋನಿಯಾ ತೆಗೆಯುವ ಘಟಕಕ್ಕೂ ಕೊಳವೆಗಳ ಬದಲಾವಣೆಗೂ ಅನ್ವಯಿಸಬೇಕೇ ಎಂಬುದನ್ನು ವಿದ್ಯುತ್ ನಿಯಂತ್ರಣ ಆಯೋಗಗಳು ಮೊದಲೇ ಸ್ಪಷ್ಟಪಡಿಸುವುದು ಒಳಿತು. ಇಲ್ಲವಾದರೆ ಬಿರಡೆ ಜಡಿಯುವ ಅಗ್ಗದ ದಾರಿಯನ್ನೇ ಸ್ಥಾವರಗಳು ಹಿಡಿಯುತ್ತವೆ.