ಉಮೇದುವಾರನ ಖರ್ಚು ಯಾರದು?

ಚುನಾವಣೆಯ ಹಂಗಾಮು ಬಂತೆಂದರೆ ನಮ್ಮ ಊರುಗಳಲ್ಲಿ ಮೊದಲು ಹುಟ್ಟುವ ಪ್ರಶ್ನೆಯು ಈ ಉಮೇದುವಾರನು ಎಂಥವನೆಂಬುದಲ್ಲ, ಎಷ್ಟು ಖರ್ಚು ಮಾಡಬಲ್ಲನೆಂಬುದು. ಕಲಿತವರೂ, ಶಾಲೆಗಳಲ್ಲಿ ಮಕ್ಕಳಿಗೆ ನಾಗರಿಕ ಧರ್ಮವನ್ನು ಬೋಧಿಸುವವರೂ ಸಹ ಇದನ್ನೇ ನಗುನಗುತ್ತ ಕೇಳುವದನ್ನು ನಾವು ಕಂಡಿದ್ದೇವೆ. ಹಣವಿಲ್ಲದವನು ಶಾಸನಸಭೆಯ ಮೆಟ್ಟಿಲು ಹತ್ತಲಾರನೆಂಬ ಮಾತು ಈಗ ಯಾರಿಗೂ ನೋವುಂಟುಮಾಡದಷ್ಟು ರೂಢಿಯಾಗಿದೆ. ಆದರೆ ಈ ಮಾತನ್ನು ಕನ್ನಡನಾಡಿನಲ್ಲಿ ಒಬ್ಬನೇ ಮನುಷ್ಯನು ಮೂರು ಸಲ ಸುಳ್ಳುಮಾಡಿ ತೋರಿಸಿದನು. ಅವರೇ ಮಲೆನಾಡಿನ ಶಾಂತವೇರಿ ಗೋಪಾಲಗೌಡರು. ಸುಳ್ಳುಮಾಡಿದ ಹೆಚ್ಚಿನ ಕೀರ್ತಿಯು ಅವರನ್ನು ಆರಿಸಿ ಕಳುಹಿದ ಮತದಾರರಿಗೆ ಸಲ್ಲತಕ್ಕದ್ದು.

ತೀರ್ಥಹಳ್ಳಿ ತಾಲೂಕಿನಲ್ಲಿ 1923ರಲ್ಲಿ ಹುಟ್ಟಿದ ಗೌಡರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡವರು. ಮುಂದೆ ಸಮಾಜವಾದೀ ಪಕ್ಷವನ್ನು ಸೇರಿದರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿಷಯವಾಗಿ ಒಕ್ಕಲುಗಳಿಗೂ ಒಡೆಯರಿಗೂ ತಕರಾರು ಎದ್ದಿತು. ಹೊರಗಿನವರಿಗೆ ಇದು ಅಳತೆಯ ಸಣ್ಣ ಜಗಳವಾಗಿ ಕಂಡಿರಬಹುದು. ಆದರೆ ಕೊಳಗವು ದೊಡ್ಡದಾದಷ್ಟೂ ಉತ್ತವನ ಮನೆಯ ಕಣಜವು ಬರಿದಾಗುವದೆಂಬುದು ಒಕ್ಕಲಿಗೆ ಚೆನ್ನಾಗಿ ಗೊತ್ತಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಒಕ್ಕಲುಗಳ ಬೆನ್ನಿಗೆ ಸಮಾಜವಾದಿಗಳು ನಿಂತರು, ಗೌಡರು ನಿಂತರು. ಡಾಕ್ಟರ್ ಲೋಹಿಯಾ ಅವರು ಕಾಗೋಡಿಗೇ ಬಂದು ಬಂಧನಕ್ಕೊಳಗಾದರು.

ಮರುವರುಷ 1952ರಲ್ಲಿ ಮೊದಲನೆಯ ಸಾರ್ವತ್ರಿಕ ಚುನಾವಣೆ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ಸು ಗೆದ್ದಿತು. ಸಮಾಜವಾದಿಗಳಿಗೆ ದೊರೆತವು ಮೂರೇ. ಅವುಗಳಲ್ಲೊಂದು ಸಾಗರ-ಹೊಸನಗರ. ಅಲ್ಲಿ ಇಪ್ಪತ್ತೊಂಬತ್ತರ ತರುಣ ಗೋಪಾಲಗೌಡರು ಕಾಂಗ್ರೆಸ್ಸಿನ ಬದರಿನಾರಾಯಣರಂಥ ಪ್ರಬಲರನ್ನು ಸೋಲಿಸಿದರು. ಕೈಯಲ್ಲಿ ಕಾಸಿಲ್ಲದ ಉಮೇದುವಾರ! "ಒಂದು ವೋಟು, ಒಂದು ನೋಟು" ಎಂಬ ಕೂಗು ಇಂದಿಗೂ ಅವರ ಹೆಸರಿನೊಡನೆ ಕೂಡಿಕೊಂಡೇ ಇದೆ. ಮತ ಕೊಡುವವನೇ ಹಣವನ್ನೂ ಕೊಡಬೇಕು! ಇಂದಿನ ಪದ್ಧತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತಲೆಕೆಳಗು ಮಾಡುವ ಮಾತು ನಮಗೆ ತೋರದು.

ಹೀಗೆ ಆರಿಸಿಬಂದವನ ನಾಲಗೆಯು ಎಷ್ಟು ಸ್ವತಂತ್ರವಾಗಿರುವದೆಂಬುದನ್ನು ಏಕೀಕರಣದ ಚರ್ಚೆಯಲ್ಲಿ ನಾಡು ಕಂಡಿತು. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು 1955ರಲ್ಲಿ ಬಂದಾಗ ಹಳೆಯ ಮೈಸೂರಿನ ಅನೇಕ ಮುಖಂಡರು, ಉತ್ತರದ ಬಡ ಜಿಲ್ಲೆಗಳು ಕೂಡಿದರೆ ತಮ್ಮ ಸಂಪತ್ತು ಕರಗುವದೆಂದು ಅಂಜಿದರು. ತಮ್ಮ ಹಿಡಿತವು ತಪ್ಪುವದೆಂಬ ಅಂಜಿಕೆಯೂ ಅದರ ಮರೆಯಲ್ಲಿತ್ತು. ಗೌಡರು ಹಳೆಯ ಮೈಸೂರಿನವರೇ. ಆದರೂ ಕನ್ನಡಿಗರೆಲ್ಲರೂ ಒಂದೇ ಸೂರಿನಡಿಯಲ್ಲಿ ಬರಬೇಕೆಂದು ಸಭೆಯಲ್ಲಿ ವಾದಿಸಿದರು. ಕೂಡಿದ ನಾಡಿಗೆ ಕರ್ನಾಟಕವೆಂಬ ಹೆಸರೇ ಬರಬೇಕೆಂದೂ ಹಟ ಹಿಡಿದರು. 1956ರ ನವೆಂಬರ 1ರಂದು ನಾಡು ಒಂದಾಯಿತು. ಆ ಹೆಸರು ಬಂದದ್ದು ಮಾತ್ರ 1973ರಲ್ಲಿ. ಅಷ್ಟರಲ್ಲಿ ಗೌಡರು ತೀರಿಕೊಂಡು ಒಂದು ವರುಷ ಕಳೆದಿತ್ತು.

ಒಂದಾದ ನಾಡಿನ ಮೊದಲನೆಯ ಚುನಾವಣೆಯಲ್ಲಿಯೇ, 1957ರಲ್ಲಿ, ಗೌಡರು ಸೋತರು. ಅವರ ಬಾಳಿನಲ್ಲಿ ನಮಗೆ ಗೆಲವಿಗಿಂತ ಈ ಸೋಲೇ ಹೆಚ್ಚು ಬೋಧಪ್ರದವಾಗಿ ಕಾಣುವದು. ಆವಡಿಯಲ್ಲಿ ಕಾಂಗ್ರೆಸ್ಸು ಸಮಾಜವಾದೀ ಮಾದರಿಯನ್ನು ಒಪ್ಪಿಕೊಂಡ ತರುವಾಯ ಎಷ್ಟೋ ಸಮಾಜವಾದಿಗಳು ಆ ಪಕ್ಷದ ಬಾಗಿಲಿಗೆ ನಡೆದರು. ಸೋತ ಗೌಡರಿಗೂ ಆ ಹಾದಿಯು ತೆರೆದಿತ್ತು. ಅವರು ನಡೆಯಲಿಲ್ಲ. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯ ಜನರು ಅವರನ್ನೇ ಆರಿಸಿದರು. ಮಂತ್ರಿಪದವಿಯನ್ನು ಕಾಣದೆಯೇ 1972ರ ಜೂನಿನಲ್ಲಿ, ಐವತ್ತು ತುಂಬುವ ಮೊದಲೇ, ಅವರು ಕಣ್ಣುಮುಚ್ಚಿದರು. (ಅನಂತಮೂರ್ತಿಯವರ 'ಅವಸ್ಥೆ'ಯನ್ನು ಓದಿ, ಅಲ್ಲಿಯ ನಾಯಕನೇ ಗೌಡರೆಂದು ತಿಳಿಯುವವರು ಬಹಳ ಮಂದಿ. ಕಾದಂಬರಿಯು ಕಾದಂಬರಿಯೇ, ಸಭೆಯ ಕಡತಗಳಲ್ಲಿರುವ ಗೌಡರು ಬೇರೆ.)

ವಿರೋಧಪಕ್ಷದಲ್ಲಿ ಕುಳಿತೇ ಮುಗಿದುಹೋದ ಈ ಬಾಳಿನಿಂದ ಮತದಾರನಿಗೆ ದೊರೆತದ್ದೇನೆಂದು ವ್ಯವಹಾರಸ್ಥರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಟ್ಟ 1974ರ ತಿದ್ದುಪಡಿಯು ದೇವರಾಜ ಅರಸರ ಸರಕಾರದ ಕೃತಿ, ಗೌಡರದಲ್ಲ. ಆದರೆ ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತು ಅರಣ್ಯರೋದನದಂತಿದ್ದ ದಿನಗಳಲ್ಲಿ, ಸಭೆಯ ಎಪ್ಪತ್ತುನಾಲ್ಕು ಮಂದಿಯ ಎದುರಿನಲ್ಲಿ ಅದನ್ನು ಆಡಿದವರಲ್ಲಿ ಅವರೊಬ್ಬರು. ಒಡೆಯರ ಹಣದಿಂದ ಗೆದ್ದುಬಂದಿದ್ದರೆ ಆ ಮಾತನ್ನು ಆಡುವದು ಸಾಧ್ಯವಿತ್ತೇ?

ಈಗಿನ ಕಥೆ ಬೇರೆ. 1951ರ ಕಾಯಿದೆಯು ವಿಧಾನಸಭೆಯ ಉಮೇದುವಾರನಿಂದ ಕೇಳಿದ ಠೇವಣಿಯು 250 ರೂಪಾಯಿ, ಈಗ 10,000. ಖರ್ಚಿಗೆ 2022ರಲ್ಲಿ ಆಯೋಗವು ಗೊತ್ತುಪಡಿಸಿದ ಮಿತಿಯು ನಮ್ಮಂಥ ದೊಡ್ಡ ರಾಜ್ಯಗಳಲ್ಲಿ 40 ಲಕ್ಷ! ಈ ಮಿತಿಯನ್ನು ಮೀರುವವರ ಮಾತು ಹಾಗಿರಲಿ, ಮಿತಿಯೊಳಗೇ ನಿಲ್ಲುವ ಸಭ್ಯನಾದ ಶಾಲಾ ಮಾಸ್ತರನೊಬ್ಬನು ಅಷ್ಟು ಹಣವನ್ನು ಎಲ್ಲಿಂದ ತಂದಾನು? ತಂದರೆ ಕೊಟ್ಟವನ ಋಣವನ್ನು ಹೇಗೆ ತೀರಿಸಿಯಾನು? ಆ ಋಣವು ನಮಗೇ ಸಲ್ಲುವಂತೆ ಮಾಡಿಕೊಳ್ಳುವದು ನಮ್ಮ ಕೈಯಲ್ಲಿಯೇ ಇದೆ. ಸರಕಾರಿ ಶಿಕ್ಷಕರಿಗೆ ಸೇವಾನಿಯಮಗಳು ಅಡ್ಡಬರುವವು; ಅವರನ್ನು ನಾವು ಒತ್ತಾಯಪಡಿಸೆವು. ಉಳಿದ ಪಟ್ಟಣಿಗರಿಗೆ, ವಕೀಲರಿಗೆ, ಅಂಗಡಿಕಾರರಿಗೆ ಯಾವ ಅಡ್ಡಿಯೂ ಇಲ್ಲ. ತಮ್ಮ ಕ್ಷೇತ್ರದಲ್ಲಿ ಯೋಗ್ಯನೊಬ್ಬನು ನಿಂತರೆ, ಅವನು ಯಾವ ಪಕ್ಷದವನಾದರೂ ಆಗಲಿ, ಮನೆಗೆ ಹತ್ತಿಪ್ಪತ್ತು ರೂಪಾಯಿ ಕೂಡಿಸಿ ಪಾವತಿ ಪಡೆದು ಕೊಡಲಿ. ಫಲಿತಾಂಶವು ಹೊರಟ ಮೂವತ್ತು ದಿನಗಳೊಳಗೆ ಉಮೇದುವಾರನು ಲೆಕ್ಕವನ್ನು ಒಪ್ಪಿಸಬೇಕೆಂದು ಕಾಯಿದೆಯಿದೆ. ಆ ಲೆಕ್ಕವನ್ನು ಊರ ಚಾವಡಿಯಲ್ಲಿ ಎಲ್ಲರೆದುರು ಓದಿಸಿ ಕೇಳಲಿ.