ಮನೆಯಲ್ಲಿ ಹೇಗೆ ಮಾತಾಡ್ತಾನೆ ಅಂತ ಮೊದಲು ಕೇಳಿ

ಉರ್ದು ಮನೆಯ ಮಗು ಒಂದನೇ ಕ್ಲಾಸಿನಲ್ಲಿ ಬಾಯಿ ಬಿಡದಿದ್ದರೆ ನಮ್ಮ ಶಿಕಾರಿಪುರ, ಸೊರಬ ಕಡೆ ಎರಡರಲ್ಲಿ ಒಂದು ತೀರ್ಪು ಸಿಗುತ್ತದೆ. "ಅವನಿಗೆ ಕನ್ನಡ ಬರಲ್ಲ, ಬಿಡಿ, ಕಲೀತಾನೆ" ಎನ್ನುವುದು ಒಂದು. "ಮಗು ಸ್ವಲ್ಪ ಮಂದ" ಎನ್ನುವುದು ಇನ್ನೊಂದು. ಆದರೆ ಆ ಮಗು ಮನೆಯಲ್ಲಿ ಉರ್ದು ಹೇಗೆ ಮಾತಾಡುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಮ್ಮ ಗಲ್ಲಿಯ ಒಬ್ಬಳು ಹುಡುಗಿಯ ಬಾಯಿ ಮುಚ್ಚಿಸಲು ಅವಳ ದಾದಿಗೂ ಆಗುವುದಿಲ್ಲ. ಅಂಥವಳು ಶಾಲೆಯಲ್ಲಿ ಆರು ತಿಂಗಳು ತುಟಿ ಬಿಚ್ಚಲಿಲ್ಲ. ಅವಳಿಗೆ ಯಾವ ತೊಂದರೆಯೂ ಇರಲಿಲ್ಲ, ಹೊಸ ಭಾಷೆಯನ್ನು ಕೇಳಿಸಿಕೊಳ್ಳುತ್ತಿದ್ದಳು ಅಷ್ಟೆ. ಈಗ ಎರಡನೇ ಕ್ಲಾಸಿನಲ್ಲಿ ಕನ್ನಡದಲ್ಲೇ ಜಗಳ ಆಡುತ್ತಾಳೆ.

ಶಿರಾಳಕೊಪ್ಪದಲ್ಲಿರುವ ನನ್ನ ಖಾಲಾ ಮಗನದು ಬೇರೆ ಕಥೆ. ಮೂರು ವರ್ಷವಾದರೂ ಅವನಿಗೆ ಉರ್ದುವಿನಲ್ಲೂ "ಅಮ್ಮಿ", "ಪಾನಿ" ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಗಂಡು ಮಕ್ಕಳಿಗೆ ಮಾತು ತಡ, ಅವನ ಅಬ್ಬಾ ಮಾತಾಡಿದ್ದೂ ನಾಲ್ಕು ವರ್ಷಕ್ಕೇ ಎಂದರು ಮನೆಯವರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ತಾವೀಜ್ ಕಟ್ಟಿದರು. ಶಾಲೆಗೆ ಸೇರಿಸಿದ ಮೇಲೆ ಅಲ್ಲಿಯವರು, "ಎರಡು ಭಾಷೆ ಸೇರಿ ಗೊಂದಲ ಆಗಿದೆ, ಮನೆಯಲ್ಲಿ ಉರ್ದು ನಿಲ್ಲಿಸಿ" ಎಂದು ಹೇಳಿ ಕಳಿಸಿದರು.

ಖಾಲಾಗೆ ಬರುವುದು ಸಂತೆಯ ಕನ್ನಡ. ಕೆಜಿ ಎಷ್ಟು, ಕಡಿಮೆ ಮಾಡಿ, ಚಿಲ್ಲರೆ ಕೊಡಿ. ಅಷ್ಟನ್ನು ಇಟ್ಟುಕೊಂಡು ಮಗನಿಗೆ ಕಥೆ ಹೇಳುವುದು ಹೇಗೆ? ಮಲಗಿಸುವಾಗ ಹಾಡುತ್ತಿದ್ದ ಲೋರಿಯೂ ನಿಂತಿತು. ಬಾ, ತಿನ್ನು, ಮಲಗು, ಇಷ್ಟೇ ಉಳಿಯಿತು. ಮಾತು ತಡವಾದ ಮಗುವಿಗೆ ಬೇಕಾಗಿದ್ದದ್ದು ಹೆಚ್ಚು ಮಾತು, ಸಿಕ್ಕಿದ್ದು ಇದ್ದುದಕ್ಕಿಂತ ಕಡಿಮೆ. ಎರಡು ವರ್ಷ ಕಳೆದ ಮೇಲೆ ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿಸಿದಾಗ ತಿಳಿದದ್ದು, ಕಿವಿ ಸೋರಿ ಸೋರಿ ಅವನಿಗೆ ಎರಡೂ ಕಡೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ ಎಂದು.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ವಾಕ್ ಮತ್ತು ಶ್ರವಣ ತಜ್ಞರು ಇದನ್ನು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣಿಸುತ್ತದೆ. ಕನ್ನಡದಲ್ಲಿ ಮಾತ್ರ ಕಂಡರೆ ಮಗು ಇನ್ನೂ ಕನ್ನಡ ಕಲಿಯುತ್ತಿದೆ ಎಂದರ್ಥ. ಕಾಮರ್ಸ್‌ನವನಾದ ನನಗೆ ಇದು ಎರಡು ಖಾತೆಗಳ ಲೆಕ್ಕದ ಹಾಗೆ ಕಾಣುತ್ತದೆ. ಒಂದು ಖಾತೆ ಮಾತ್ರ ತೆರೆದು ನೋಡಿ ಈ ವ್ಯಾಪಾರಿ ದಿವಾಳಿ ಎಂದು ಬರೆದರೆ ನಮ್ಮ ಅಕೌಂಟೆನ್ಸಿ ಸರ್ ಪೇಪರ್ ಹರಿದು ಹಾಕುತ್ತಾರೆ. ಮಗುವಿನ ಮಾತನ್ನೂ ಎರಡೂ ಖಾತೆ ಕೂಡಿಸಿಯೇ ನೋಡಬೇಕು. ಎರಡು ವರ್ಷವಾದರೂ "ಅಮ್ಮಿ ಪಾನಿ" ಎಂದೋ "ಅಮ್ಮಾ ನೀರು" ಎಂದೋ ಎರಡು ಪದ ಜೋಡಿಸದಿದ್ದರೆ ತೋರಿಸಬೇಕು. ಮೊದಲು ಕಿವಿ, ಆಮೇಲೆ ನಾಲಿಗೆ.

ತೋರಿಸುವುದು ಎಲ್ಲಿ? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಇದರ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಕಿವಿ ಕೇಳಿಸದಿರುವುದು, ಮಾತು ತಡವಾಗುವುದು ಎರಡೂ ಅವರ ಪಟ್ಟಿಯಲ್ಲಿವೆ. ನಮ್ಮಲ್ಲಿ ಅನೇಕರ ತಮ್ಮ ತಂಗಿಯರು ಓದುವ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗಳು ಇದರಲ್ಲಿ ಸೇರಿಲ್ಲ ಎನ್ನುವುದನ್ನು ಗಮನಿಸಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಶಿಕ್ಷಕರ ಹುದ್ದೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಕಾನೂನಿಗೂ ಕೊರತೆ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ವಾಕ್ ಮತ್ತು ಭಾಷಾ ತೊಂದರೆಯೂ ಒಂದು.

ಆದರೆ ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಐವತ್ತು ಕಿಲೋಮೀಟರ್ ಮೇಲಿದೆ, ಸೊರಬದಿಂದ ಇನ್ನೂ ದೂರ. ಸ್ಪೀಚ್ ಥೆರಪಿ ಒಂದು ದಿನದಲ್ಲಿ ಮುಗಿಯುವುದಲ್ಲ, ವಾರ ವಾರ ಹೋಗಬೇಕು. ಸರ್ಕಾರಿ ಬಸ್ಸಿನಲ್ಲಿ ತಾಯಂದಿರಿಗೆ ಶಕ್ತಿ ಯೋಜನೆ ಇದೆ, ಆದರೆ ನಮ್ಮ ರೂಟಿನಲ್ಲಿ ಓಡುವ ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಮಗು ದಿನಕ್ಕೆ ಐದಾರು ಗಂಟೆ ಕೂರುವ ಶಾಲೆಯಲ್ಲೇ ಏನಾದರೂ ಆಗಬೇಕು.

ಖಾಲಾ ಮಗನಿಗೆ ಈಗ ಸಿಕ್ಕಿರುವ ಮೇಡಂ ಯಾವ ವಿಶೇಷ ಟ್ರೈನಿಂಗೂ ಪಡೆದವರಲ್ಲ. ಅವನನ್ನು ತಮ್ಮ ಮುಖ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿಸಿದ್ದಾರೆ. ಬೋರ್ಡಿಗೆ ತಿರುಗಿಕೊಂಡು ಮಾತಾಡುವುದಿಲ್ಲ. ಅವನು "ತತ್ತೆ" ಎಂದರೆ "ಸರಿಯಾಗಿ ಹೇಳು" ಎಂದು ನಲವತ್ತು ಮಕ್ಕಳೆದುರು ನಿಲ್ಲಿಸುವುದಿಲ್ಲ, "ಹೌದು, ಕತ್ತೆ ಬಂತು" ಎಂದು ತಾವೇ ಸರಿಯಾಗಿ ಹೇಳಿ ಮುಂದೆ ಹೋಗುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಕಾಯುತ್ತಾರೆ. ಉತ್ತರ ಬಾಯಲ್ಲಿ ಬಾರದಿದ್ದರೆ ಚಿತ್ರದ ಮೇಲೆ ಬೆರಳಿಟ್ಟರೂ ಮಾರ್ಕ್ಸ್ ಉಂಟು. ಇದಕ್ಕೆ ಒಂದು ಪೈಸೆ ಗ್ರಾಂಟ್ ಬೇಕಾಗಿಲ್ಲ. ಖಾಲಾಗೆ ಅವರು ಮೊದಲ ದಿನವೇ ಹೇಳಿದ್ದು, "ಮನೆಯಲ್ಲಿ ಉರ್ದುವಿನಲ್ಲೇ ಮಾತಾಡಮ್ಮಾ, ಎಷ್ಟು ಬೇಕಾದರೂ ಮಾತಾಡು" ಎಂದು. ಲೋರಿ ಮತ್ತೆ ಶುರುವಾಗಿದೆ. ಅವನ ಮಾತು ಇನ್ನೂ ವಯಸ್ಸಿಗೆ ತಕ್ಕಂತಿಲ್ಲ, ಆದರೆ ಶಾಲೆಗೆ ಹೋಗಲು ಅಳುವುದಿಲ್ಲ.

ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ನಮ್ಮ ತಾಲ್ಲೂಕಿನಲ್ಲೇ ಇವೆ ಎಂದು ಇಲ್ಲಿನ ಪ್ರತಿ ಭಾಷಣ ಸ್ಪರ್ಧೆಯಲ್ಲೂ ಕೇಳುತ್ತೇವೆ. ನಾನೂ ಹಾಗೆ ಹೇಳಿಯೇ ಒಂದು ಸ್ಟೀಲ್ ಡಬ್ಬಿ ಗೆದ್ದಿದ್ದೇನೆ. ಚೆನ್ನಾಗಿ ಮಾತಾಡುವವರಿಗೆ ನಮ್ಮಲ್ಲಿ ಬಹುಮಾನಗಳಿವೆ, ತಡವರಿಸುವವರಿಗೆ ಇರುವುದು ಅಡ್ಡಹೆಸರು. ಪ್ರವಾದಿ ಮೂಸಾ ಅವರು ತಮ್ಮ ನಾಲಿಗೆಯ ಗಂಟು ಬಿಡಿಸೆಂದು ದುಆ ಮಾಡಿದ್ದು, ಜೊತೆಗೆ ಅಣ್ಣ ಹಾರೂನರನ್ನು ಸಹಾಯಕ್ಕೆ ಬೇಡಿದ್ದು ನಮ್ಮಲ್ಲಿ ಬಹಳ ಜನರಿಗೆ ಮದರಸದ ಕಾಲದಿಂದ ಗೊತ್ತು. ದುಆ ನಮಗೆ ಬಾಯಿಪಾಠ ಇದೆ. ಜೊತೆಗೆ ನಿಲ್ಲುವ ಹಾರೂನ್ ಆಗುವುದು ಯಾರು?

ನಾವೇ ಆಗಬಹುದು. ಎರಡೂ ಭಾಷೆ ನೀರು ಕುಡಿದಷ್ಟು ಸುಲಭವಾಗಿ ಬರುವ ಹುಡುಗ ಹುಡುಗಿಯರು ಈ ಕಾಲೇಜಿನಲ್ಲಿ ಎಷ್ಟು ಜನ ಇಲ್ಲ! ಆರೋಗ್ಯ ತಂಡ ಅಕ್ಕಪಕ್ಕದ ಪ್ರಾಥಮಿಕ ಶಾಲೆಗೆ ಬರುವ ದಿನ ನಮ್ಮ ಎನ್‌ಎಸ್‌ಎಸ್‌ನಿಂದ ಇಬ್ಬರು ಹೋಗಿ ಮಗುವಿನ ಜೊತೆ ಉರ್ದುವಿನಲ್ಲಿ ಹತ್ತು ನಿಮಿಷ ಮಾತಾಡಲಿ. ತಾಯಿ ಉರ್ದುವಿನಲ್ಲಿ ಹೇಳಿದ್ದನ್ನು ಡಾಕ್ಟರಿಗೆ ಕನ್ನಡದಲ್ಲಿ ಹೇಳಲಿ. ಏನಾಗಿದೆ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಅದಕ್ಕೆ ಓದಿದವರಿದ್ದಾರೆ. ಮಗು ಮನೆಯ ಭಾಷೆಯಲ್ಲಿ ಮಾತಾಡಿತೇ ಇಲ್ಲವೇ, ಕರೆದರೆ ತಿರುಗಿತೇ, ಕಿವಿ ಸೋರುತ್ತದೆಯೇ ಎಂದು ಮೂರು ಸಾಲು ಬರೆದುಕೊಟ್ಟರೆ ಸಾಕು. ಪ್ರಿನ್ಸಿಪಾಲ್ ಸರ್ ಅನುಮತಿ ಕೊಟ್ಟರೆ ಮುಖ್ಯೋಪಾಧ್ಯಾಯರನ್ನು ಕಂಡು ತಂಡ ಬರುವ ತಾರೀಖು ವಿಚಾರಿಸಿಕೊಂಡು ಬರಲು ನಾನು ತಯಾರಿದ್ದೇನೆ. ಜೊತೆಗೆ ಬರುವವರು ಎನ್‌ಎಸ್‌ಎಸ್ ಸರ್ ಹತ್ತಿರ ಹೆಸರು ಕೊಡಿ. ಹುಡುಗಿಯರೂ ಬೇಕು, ತಾಯಂದಿರು ಅವರ ಹತ್ತಿರ ಹೆಚ್ಚು ಬಿಚ್ಚಿ ಮಾತಾಡುತ್ತಾರೆ.