ಗುಳೆ ಹೋದವರ ಮೇಲೇಕೆ ವೈರಸ್ಸಿನ ಅಪವಾದ?

2020ರ ಮೇ ಮಧ್ಯದವರೆಗೆ ರಾಯಚೂರು ಜಿಲ್ಲೆಯಲ್ಲಿ ಕೊರೊನಾ ಪ್ರಕರಣ ಇರಲಿಲ್ಲ. ಲಾಕ್‌ಡೌನ್ ಸಡಿಲಗೊಂಡು, ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದವರು ಊರಿಗೆ ಮರಳಿದಾಗ ಶಾಲೆ, ಹಾಸ್ಟೆಲ್‌ಗಳಲ್ಲಿ ಅವರನ್ನು ಕ್ವಾರಂಟೈನ್ ಮಾಡಿ ಗಂಟಲುದ್ರವ ಪರೀಕ್ಷಿಸಲಾಯಿತು. ತಿಂಗಳ ಕೊನೆಗೆ ದೇವದುರ್ಗ ತಾಲ್ಲೂಕಿನ ಹೆಸರು ಸುದ್ದಿಯಲ್ಲಿ ಮತ್ತೆಮತ್ತೆ ಕೇಳಿಬಂತು. ಟಿವಿ ಪರದೆಗಳ ಮೇಲೆ ‘ಮಹಾರಾಷ್ಟ್ರ ನಂಜು’ ಎಂಬ ದಪ್ಪಕ್ಷರ. ಆರೋಗ್ಯ ಇಲಾಖೆಯ ನಿತ್ಯದ ಬುಲೆಟಿನ್‌ನಲ್ಲೂ ರೋಗಿಯ ಸಂಖ್ಯೆ, ವಯಸ್ಸಿನ ಪಕ್ಕದಲ್ಲೇ ಎಲ್ಲಿಂದ ಮರಳಿದವರು ಎಂಬ ವಿವರ.

ಸೋಂಕು ಅವರಲ್ಲಿ ಇದ್ದದ್ದು ನಿಜ. ಆದರೆ ಹುಡುಕಿದ್ದೂ ಹೆಚ್ಚಾಗಿ ಅವರಲ್ಲೇ.

ಮೂಲ ಹುಡುಕುತ್ತಾ ಹೋದರೆ, ಈ ವೈರಸ್ಸಿನ ಹತ್ತಿರದ ಸಂಬಂಧಿಗಳು ಸಿಕ್ಕಿರುವುದು ಚೀನಾ, ಲಾವೋಸ್‌ಗಳ ಕುದುರೆಲಾಳ ಬಾವಲಿಗಳಲ್ಲಿ. ಮನುಷ್ಯನ ಜೀವಕೋಶದ ಎಸಿಇ-2 ಪ್ರೋಟೀನಿಗೆ ಕಚ್ಚಿಕೊಳ್ಳುವ ಮುಳ್ಳು ವೈರಸ್ಸಿಗಿದ್ದರೆ ಪ್ರಾಣಿಯಿಂದ ಮನುಷ್ಯನಿಗೆ ದಾಟುವುದು ಸುಲಭ. ಕಾಡುಪ್ರಾಣಿಗಳ ಮಾರಾಟ, ಕಾಡು ಕಡಿಯುವಿಕೆ ಪ್ರಾಣಿ-ಮನುಷ್ಯರ ಭೇಟಿಗಳನ್ನು ಹೆಚ್ಚಿಸುತ್ತವೆ. ಭಾರತಕ್ಕೆ ಈ ವೈರಸ್ ಬಂದದ್ದು ವಿಮಾನದಲ್ಲಿ. 2020ರ ಜನವರಿ 30ರಂದು ಕೇರಳದಲ್ಲಿ ಮೊದಲ ಪ್ರಕರಣ. ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಸಾವು, ಸೌದಿ ಅರೇಬಿಯಾದಿಂದ ಮರಳಿದವರದು. ಪಾಸ್‌ಪೋರ್ಟ್ ಮುಖವನ್ನೇ ಕಾಣದ ಕೂಲಿಯಾಳಿಗೆ ಸೋಂಕು ತಗುಲಿದ್ದು ಅವನು ದುಡಿಯುತ್ತಿದ್ದ ನಗರದಲ್ಲಿ. ಅಪವಾದ ಮಾತ್ರ ಅವನ ಮನೆ ಬಾಗಿಲಿಗೆ ಬಂತು.

ಕರ್ನಾಟಕಕ್ಕೆ ಇಂಥ ಅಪವಾದ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಹೊಸ ರೋಗವೊಂದಕ್ಕೆ ಮೊದಲು ಸತ್ತು ಬಿದ್ದದ್ದು ಮಂಗಗಳು. ರೋಗ ಹರಡುತ್ತಿದ್ದದ್ದು ಉಣುಗು. ಆದರೂ ಊರಬಾಯಲ್ಲಿ ಅದು ಮಂಗನ ಕಾಯಿಲೆಯೇ ಆಯಿತು. ರೋಗ ಮೊದಲು ಯಾರಲ್ಲಿ ಕಣ್ಣಿಗೆ ಬೀಳುತ್ತದೋ ಅವರನ್ನೇ ಅದರ ಮೂಲವೆಂದು ಎಣಿಸುವ ದುಡುಕು ಅಂದೂ ಇತ್ತು, 2020ರಲ್ಲೂ ಇತ್ತು. ಮಂಗ ಕೂಡ ಬಲಿಯೇ.

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿಗೆ ನೀರು ತಲುಪದ ವರ್ಷ, ದೇವದುರ್ಗದ ಒಣಭೂಮಿಗೆ ಮಳೆ ಕೈಕೊಟ್ಟ ವರ್ಷ ಜನ ಗುಳೆಗೆ ಗಂಟುಮೂಟೆ ಕಟ್ಟುವುದು ನಿಂತಿಲ್ಲ. ಮುಂದಿನ ಸಾಂಕ್ರಾಮಿಕ ಬಂದಾಗಲೂ ಅವರು ಮರಳಬೇಕಾದದ್ದು ಇದೇ ಊರುಗಳಿಗೆ. ಆಗ ಪ್ರಯಾಣದ ವಿವರ ಆರೋಗ್ಯ ಇಲಾಖೆಯ ಕಡತದಲ್ಲಿರಲಿ, ಬಹಿರಂಗ ಬುಲೆಟಿನ್‌ನಲ್ಲಿ ಬೇಡ. ಪರೀಕ್ಷೆ ರಾಯಚೂರು ನಗರದ ಬಡಾವಣೆಗಳಲ್ಲೂ ಅಷ್ಟೇ ಬಿರುಸಾಗಿ ನಡೆಯಲಿ. ಕ್ವಾರಂಟೈನ್‌ನಲ್ಲಿ ಕಳೆದ ದಿನಗಳ ಕೂಲಿಯನ್ನು ಸರ್ಕಾರವೇ ಭರಿಸಲಿ. ಈ ಮೂರನ್ನೂ ಆದೇಶವಾಗಿ ಹೊರಡಿಸಲು ಮತ್ತೊಂದು ವೈರಸ್ಸಿಗಾಗಿ ಕಾಯಬೇಕಿಲ್ಲ.